ಕಚ್ಚಿನಲ್ಲಿ ಕೂತ ಗಾಳಿ

2019ರ ಮಾರ್ಚ್ 17, ಭಾನುವಾರ, ಬೆಳಗ್ಗೆ ಏಳು ಗಂಟೆ ನಲವತ್ತೆರಡು ನಿಮಿಷಕ್ಕೆ ಅವಳ ಗಂಡ ಕಾಫಿ ಲೋಟವನ್ನು ಅಡುಗೆಮನೆಯ ಮೇಜಿನ ಮೇಲೆ ತುಸು ಜೋರಾಗಿಯೇ ಇಟ್ಟ. ಹೊತ್ತು ಇಷ್ಟು ಕರಾರುವಾಕ್ಕಾಗಿ ಗೊತ್ತಿರಲು ಕಾರಣ, ಏನನ್ನೇ ತೂಗುವಾಗಲೂ ನೋಟುಬುಕ್ಕಿನ ಎಡಗಡೆ ಮೊದಲು ಸಮಯ ಬರೆದುಕೊಳ್ಳುವುದು ಅವಳ ರೂಢಿ. ತೂಕ-ಅಳತೆ ಕಚೇರಿಯಲ್ಲಿ ಇಪ್ಪತ್ತೊಂದು ವರ್ಷ ಅಂಗಡಿಗಳ ತಕ್ಕಡಿಗಳನ್ನು, ತೂಕದ ಬಟ್ಟುಗಳನ್ನು ಪರೀಕ್ಷಿಸಿ ಮುದ್ರೆ ಒತ್ತಿದ ಕೈ, ರಜೆಯ ದಿನವೂ ಸುಮ್ಮನಿರುತ್ತಿರಲಿಲ್ಲ. ಮೇಜಿನ ಮೇಲೆ ಅವಳ ಸ್ವಂತದ ಪುಟ್ಟ ತಕ್ಕಡಿಯಿತ್ತು. ಅದರ ಕೊಕ್ಕೆಯಿಂದ ಇಳಿಬಿಟ್ಟ ಕೂದಲೆಳೆಯಂಥ ದಾರದ ತುದಿಯಲ್ಲಿ, ಗಾಜಿನ ಲೋಟದ ನೀರೊಳಗೆ, ಒಂದು ಬೆಳ್ಳಿ ನಾಣ್ಯ ಮುಳುಗಿ ನಿಂತಿತ್ತು. ಎರಡೂವರೆ ಸಾವಿರ ವರ್ಷಗಳ ಹಿಂದೆ ಈಜೀನಾ ಎಂಬ ಗ್ರೀಕ್ ದ್ವೀಪದವರು ಒತ್ತಿದ, ಆಮೆಯ ಚಿತ್ರದ ನಾಣ್ಯ. ಆಮೆಯ ಚಿಪ್ಪಿಗೆ ಅಡ್ಡಲಾಗಿ ಯಾವನೋ ವರ್ತಕ ಉಳಿಯಿಂದ ಹೊಡೆದ ಆಳವಾದ ಕಚ್ಚು. ಒಳಗೂ ಬೆಳ್ಳಿಯೇ ಇದೆಯೋ, ಬೆಳ್ಳಿಯ ಹೊದಿಕೆಯ ಕೆಳಗೆ ತಾಮ್ರ ಅಡಗಿದೆಯೋ ಎಂದು ನೋಡಲು ಆಗಿನವರು ಹೀಗೆ ಕಡಿದು ನೋಡುತ್ತಿದ್ದರು. ಅವಳು ಕಡಿಯುವ ಹಾಗಿರಲಿಲ್ಲ, ನೀರಿನಲ್ಲಿ ತೂಗುತ್ತಿದ್ದಳು. ಮೊದಲು ಗಾಳಿಯಲ್ಲಿ ತೂಗಬೇಕು, ಆಮೇಲೆ ನೀರಿನಲ್ಲಿ, ನೀರಿನಲ್ಲಿ ಎಷ್ಟು ಕಡಿಮೆಯಾಯಿತೋ ಅದರಿಂದ ಮೊದಲ ತೂಕವನ್ನು ಭಾಗಿಸಬೇಕು. ಒಳ್ಳೆಯ ಬೆಳ್ಳಿಯಾದರೆ ಉತ್ತರ ಹತ್ತೂವರೆಯ ಹತ್ತಿರ ಬರುತ್ತದೆ, ತಾಮ್ರವಾದರೆ ಒಂಬತ್ತರ ಹತ್ತಿರ. ಆಮೆ ಹತ್ತು ದಶಾಂಶ ಸೊನ್ನೆ ಎಂಟಕ್ಕೆ ನಿಂತಿತ್ತು. ಅಂದರೆ ಬೆರಕೆ. ನಾಣ್ಯ ಮಾರಿದವನಿಗೆ ಬರೆಯಬೇಕಾದ ಕಾಗದದ ಮೊದಲ ಎರಡು ವಾಕ್ಯ ಅವಳ ತಲೆಯಲ್ಲಿ ಆಗಲೇ ತಯಾರಾಗಿದ್ದವು, ಎರಡೂ ಚುರುಕಾಗಿದ್ದವು, ಅವಕ್ಕೆ ಅವಳೇ ಒಳಗೊಳಗೆ ತಲೆದೂಗುತ್ತಿದ್ದಳು. ಆಗ ಕಾಫಿ ಲೋಟ ಟಕ್ಕೆಂದಿತು, ಮೇಜು ಅದುರಿತು, ಆಮೆಯ ಕಚ್ಚಿನೊಳಗಿಂದ ಒಂದು ಗುಳ್ಳೆ, ಸಾಸಿವೆ ಕಾಳಿಗಿಂತ ತುಸು ದೊಡ್ಡದು, ತೇಗಿದ ಹಾಗೆ ಹೊರಬಿದ್ದು ಮೇಲಕ್ಕೆ ಹೋಗಿ ಒಡೆಯಿತು. ತಕ್ಕಡಿಯ ಅಂಕಿ ಹದಿನೆಂಟು ಮಿಲಿಗ್ರಾಂ ಜಿಗಿಯಿತು. ಅವಳು ಮತ್ತೆ ಭಾಗಿಸಿದಳು. ಹತ್ತು ದಶಾಂಶ ನಾಲ್ಕು.

"ತಟ್ಟಿಬಿಡ್ತು," ಎಂದ ಗಂಡ. "ಲೆಕ್ಕ ಕೆಟ್ಟೋಯ್ತಾ?"

"ಇಲ್ಲ. ಸರಿಯಾಯ್ತು."

"ಸರಿಯಾದ್ರೆ ಮುಖ ಯಾಕೆ ಹಾಗಿದೆ? ಹಾಲು ಉಕ್ಕಿಸಿ ಸಿಕ್ಕಿಬಿದ್ದೋಳ ಥರ."

ಆಮೆ ಅಸಲಿ ಎಂದು ತಿಳಿದ ಸಂತೋಷ ಒಂದು ಕ್ಷಣ ಬಂದದ್ದು ನಿಜ. ಆದರೆ ಅದರ ಬೆನ್ನಿಗೇ ಇನ್ನೊಂದು ನಾಣ್ಯ ಬಂದು ನಿಂತಿತು, ಅದರಲ್ಲೂ ಒಂದು ಕಚ್ಚು. ಒಂಬತ್ತು ವರ್ಷದ ಹಿಂದೆ, ಇದೇ ತಕ್ಕಡಿ, ಇಂಥದೇ ಗಾಜಿನ ಲೋಟ, ಶಾಲೆಯೊಂದರ ಚಿತ್ರಕಲೆಯ ಕೋಣೆ, ಬಣ್ಣದ ಕಲೆಗಳ ಉದ್ದ ಮೇಜು, ಸುತ್ತ ನಾಣ್ಯ ಸಂಘದ ಹದಿನೈದಿಪ್ಪತ್ತು ಮಂದಿ. ಗಂಡನ ಅಣ್ಣ, ಕನ್ನಡಕದ ಅಂಗಡಿಯ ಭಾವ, ಸಂಘಕ್ಕೆ ಸೇರಿ ಆಗಿನ್ನೂ ಒಂದು ವರ್ಷವಾಗಿತ್ತು. ತನ್ನ ಮೊದಲ ಗ್ರೀಕ್ ನಾಣ್ಯವನ್ನು ಕನ್ನಡಕ ಒರೆಸುವ ಮೆತ್ತನೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಅಥೆನ್ಸಿನವರು ಗೂಬೆಯ ಚಿತ್ರ ಒತ್ತಿದ, ದ್ರಾಕ್ಮ ಎಂಬ ಸಣ್ಣ ನಾಣ್ಯ, ಬೆರಳ ಉಗುರಿನಷ್ಟು ಅಗಲ, ಗೂಬೆಯ ಎದೆಯ ಮೇಲೆ ಉಳಿಯ ಕಚ್ಚು. ಬಟ್ಟೆಯ ಮಡಿಕೆಗಳನ್ನು ಒಂದೊಂದಾಗಿ ಬಿಚ್ಚಿ, "ಹೇಗಿದೆ ನೋಡಮ್ಮ," ಎಂದಿದ್ದರು. ಅವಳು ನೋಡಿದಳು, ತೂಗಿದಳು, ಭಾಗಿಸಿದಳು, ಒಂಬತ್ತು ದಶಾಂಶ ಏಳು ಒಂಬತ್ತು ಎಂದು ಎಲ್ಲರಿಗೂ ಕೇಳುವ ಹಾಗೆ ಓದಿದಳು, ಕಚ್ಚಿನ ತಳದಲ್ಲಿದ್ದ ಕಂದು ಕೊಳೆಯನ್ನು ಸೂಜಿಯ ತುದಿಯಿಂದ ತೋರಿಸಿ, "ಇಲ್ಲೇ ಕಾಣ್ತಿದೆಯಲ್ಲ ಭಾವ, ತಾಮ್ರದ ಕಿಲುಬು. ಮೇಲೆ ಬೆಳ್ಳಿ ಹೊದಿಸಿದ್ದಾರೆ, ಅಷ್ಟೇ," ಎಂದಳು. ಯಾರೋ ನಕ್ಕರು. ಭಾವನೂ ನಕ್ಕರು. ಆ ವಾರದಿಂದ ಸಂಘದಲ್ಲಿ ಅವರ ಹೆಸರು ತಾಮ್ರಣ್ಣ ಎಂದಾಯಿತು. ಅವಳ ಹೆಸರು ಅದಾಗಲೇ ಮಿಲಿಗ್ರಾಂ ಆಗಿತ್ತು.

ಆ ದಿನ ಅವಳು ನೀರನ್ನು ಕಾಯಿಸಿ ಆರಿಸಿದ್ದಳು, ಉಷ್ಣತೆ ಬರೆದುಕೊಂಡಿದ್ದಳು, ದಾರದ ತೂಕವನ್ನೂ ಕಳೆದಿದ್ದಳು. ನಾಣ್ಯವನ್ನು ಮಾತ್ರ ಒಣಗಿದ್ದ ಹಾಗೆಯೇ ನೀರಿಗೆ ಇಳಿಸಿದ್ದಳು. ಕಚ್ಚಿನೊಳಗೆ ಗಾಳಿ ಕೂತಿರಬಹುದೆಂಬುದು ಹೊಳೆದಿರಲಿಲ್ಲ. ಕಚೇರಿಯ ಹಿತ್ತಾಳೆ ಬಟ್ಟುಗಳಿಗೆ ಕಚ್ಚು ಇರುವುದಿಲ್ಲ. ನುಣುಪಾದ ವಸ್ತುಗಳನ್ನೇ ತೂಗಿ ತೂಗಿ ಜಗತ್ತೆಲ್ಲ ನುಣುಪೆಂದು ನಂಬಿದ್ದಳೇನೋ. ಅವಳದೇ ಸಂಗ್ರಹದ ಇಪ್ಪತ್ಮೂರು ನಾಣ್ಯಗಳಲ್ಲೂ ಕಚ್ಚು ಇದ್ದದ್ದು ಒಂದೂ ಇರಲಿಲ್ಲ, ಈ ಆಮೆ ಬರುವ ತನಕ. ಕಚ್ಚು ಬಿದ್ದ ನಾಣ್ಯಗಳನ್ನು ಅವಳು ಬೇಕೆಂದೇ ಬಿಟ್ಟಿದ್ದಳು, ಅಂದ ಕೆಟ್ಟಿದೆ ಎಂದು. ಈಗ ಆ ವಿಷಯಕ್ಕೂ ಅವಳಿಗೆ ನಾಚಿಕೆಯಾಯಿತು. ಆ ಕಾಲದಲ್ಲಿ ಗಣಿಯ ಬೆಳ್ಳಿ ಗೂಬೆಯ ನಾಣ್ಯವಾಗಿ ಹಡಗು ಹತ್ತಿ ಈಜಿಪ್ಟಿನ ಗೋಧಿಯ ಬಂದರಿಗೆ ಹೋದಾಗ, ಅಲ್ಲಿನ ವರ್ತಕನಿಗೆ ಅಥೆನ್ಸಿನ ದೇವತೆಯೂ ಗೊತ್ತಿಲ್ಲ, ಗೂಬೆಯ ಮೇಲೆ ಭಕ್ತಿಯೂ ಇಲ್ಲ. ಅವನಿಗೆ ಬೇಕಾದದ್ದು ಬೆಳ್ಳಿ. ಉಳಿ ಇಟ್ಟು ಒಂದು ಏಟು. ಒಳಗೂ ಬಿಳಿಯೇ. ಸರಿ, ಗೋಧಿ ಅಳೆದುಕೊಡು. ಅನುಮಾನ ಒಂದೇ ಏಟಿಗೆ ಮುಗಿದು, ಗಾಯ ಹೊತ್ತ ಗೂಬೆ ಮುಂದಿನ ಕೈಗೆ ಹೋಯಿತು. ಅವನು ಒಂದೇ ಏಟಿಗೆ ಕಂಡದ್ದನ್ನು ಅವಳು ಮಿಲಿಗ್ರಾಂ ತೋರಿಸುವ ತಕ್ಕಡಿ ಇಟ್ಟುಕೊಂಡೂ ಕಾಣಲಿಲ್ಲ. ಕಾಣದ್ದಷ್ಟೇ ಅಲ್ಲ, ಅವನ ಪರೀಕ್ಷೆಯ ಗುರುತನ್ನೇ ಸೂಜಿಯಿಂದ ತೋರಿಸಿ ಸಾಕ್ಷಿ ಎಂದಳು. ಎಂಥ ಜಾಣೆ.

"ನಿಮ್ಮಣ್ಣನ ಗೂಬೆ ಬೆಳ್ಳೀದೇ ಇರಬೇಕು," ಎಂದಳು.

"ಯಾವ ಗೂಬೆ? ಆ ತಾಮ್ರದ್ದಾ?"

"ತಾಮ್ರ ಅಲ್ಲ. ಗಾಳಿ."

ಗಂಡ ಪೇಪರು ಮಡಿಸಿ ಮೇಜಿನ ಮೇಲಿಟ್ಟ. ಅವಳು ಹೇಳಿದಳು. ಅವನು ಪೂರಾ ಕೇಳಿದ, ಲೋಟದ ನೀರಿನಲ್ಲಿ ಆಮೆಯನ್ನು ಬಗ್ಗಿ ನೋಡಿದ, ಕೊನೆಗೆ, "ಇವತ್ತೇ ಹೇಳ್ಬೇಕಾ?" ಎಂದ. "ಅಣ್ಣ ಸುಖವಾಗಿದ್ದಾನೆ. ಇರಲಾರದೆ ಇರುವೆ ಬಿಟ್ಕೊಂಡ ಹಾಗಾಗುತ್ತೆ ನೋಡು."

"ನಾಳೆ ಭಾವನ ಪುಸ್ತಕ ಅಚ್ಚಿಗೆ ಹೋಗುತ್ತೆ."

"ಅಚ್ಚಾದ್ಮೇಲೆ ಹೇಳು. ಎರಡನೇ ಮುದ್ರಣದಲ್ಲಿ ತಿದ್ದಿಕೊಳ್ಳಲಿ."

"ಇನ್ನೂರು ಪ್ರತಿ ಹಾಕಿಸ್ತಿದ್ದಾರೆ ರೀ. ಎರಡನೇ ಮುದ್ರಣ ನಮ್ಮ ಮೊಮ್ಮಕ್ಕಳ ಕಾಲಕ್ಕೆ."

ಪುಸ್ತಕದ್ದೇ ತೊಡಕು. ತಾಮ್ರಣ್ಣ ಎಂಬ ಹೆಸರು ಬಿದ್ದ ಮೇಲೆ ಭಾವ ಬೇರೆ ಯಾರಾದರೂ ಮಾಡುವಂತೆ ಸಂಘ ಬಿಡಲಿಲ್ಲ. ಕಳ್ಳ ನಾಣ್ಯಗಳ ಹಿಂದೆ ಬಿದ್ದರು. ಬೇರೆಯವರು ಅಸಲಿ ಕೂಡಿಟ್ಟರೆ ಇವರು ಹಳೆಯ ಕಾಲದ ನಕಲಿಗಳನ್ನೇ ಹುಡುಕಿದರು: ತಾಮ್ರದ ಬಿಲ್ಲೆಗೆ ಬೆಳ್ಳಿಯ ತಗಡು ಹೊದಿಸಿದವು, ಸೀಸ ತುಂಬಿದವು, ಹೊದಿಕೆ ಹರಿದು ಒಳಗಿನ ಕೆಂಪು ಕಾಣುವವು. ಮೂವತ್ತಾರು ಕುಳಿಗಳ ಒಂದು ಮರದ ತಟ್ಟೆ ಮಾಡಿಸಿ, ಒಂದೊಂದನ್ನೂ ಮಖಮಲ್ಲಿನ ಮೇಲೆ ಕೂರಿಸಿ, ಯಾರು ಯಾಕೆ ಯಾವ ಊರಲ್ಲಿ ಮೋಸ ಮಾಡಿರಬಹುದು ಎಂದು ಒಂದೊಂದಕ್ಕೂ ಒಂದು ಪುಟ ಬರೆದಿದ್ದರು. ದೂರದ ಊರುಗಳಿಂದ ಜನ ಅವರಿಗೆ ಕಾಗದ ಬರೆದು ಸಂಶಯ ಕೇಳುತ್ತಿದ್ದರು. ಪುಸ್ತಕದ ಮೊದಲ ಪುಟ, ತಟ್ಟೆಯ ಮೊದಲ ಕುಳಿ, ಒಂದನೇ ನಂಬರು, ಆ ಗೂಬೆ. ಇವತ್ತು ಹತ್ತೂವರೆಗೆ ಸಂಘದ ಸಭೆಯಲ್ಲಿ ಭಾವ ಪುಸ್ತಕವನ್ನು ಓದಿ ಹೇಳುವವರಿದ್ದರು. ಅದರ ಕರಡು ತಿದ್ದಿದವಳು ಅವಳೇ. "ಒಳಗಿನ ತಾಮ್ರ" ಎಂಬಲ್ಲಿ ಒಂದು ಅಲ್ಪವಿರಾಮ ಬೇರೆ ಹಾಕಿದ್ದಳು. ಇಂದು ಸುಮ್ಮನಿದ್ದರೆ ಅವಳ ತಪ್ಪು ಭಾವನ ಹೆಸರಿನಲ್ಲಿ ಅಚ್ಚಾಗಿ ಹೊರಬೀಳುತ್ತದೆ. ಅದನ್ನು ಬಲ್ಲವನೊಬ್ಬ ಎಂದಾದರೂ ನೋಡಿ ನಗುತ್ತಾನೆ, ನಗುವುದು ಅವರನ್ನು. ಬಾಯಿ ಬಿಟ್ಟರೆ, ಅವರ ಒಂಬತ್ತು ವರ್ಷದ ಸಂತೋಷದ ತಳದ ಕಲ್ಲನ್ನೇ ಎಳೆದ ಹಾಗೆ. ಗೂಬೆ ಕೂರಿಸುವುದು ಎಂದರೆ ಇದೇ. ಅವರ ತಲೆಯ ಮೇಲೆ ಕೂರಿಸಿದವಳೂ ತಾನೇ, ಈಗ ಇಳಿಸಬೇಕಾದವಳೂ ತಾನೇ.

ತಕ್ಕಡಿಯನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಹತ್ತಿ ಸುತ್ತಿಟ್ಟು ಅವಳು ಹೊರಟಳು. ಶಾಲೆಗೆ ನಡೆದರೆ ಹದಿನೆಂಟು ನಿಮಿಷ. ಬೀದಿ ಭಾನುವಾರದ ಸೋಮಾರಿತನದಲ್ಲಿತ್ತು. ಹಜಾಮನ ಅಂಗಡಿಯ ಕನ್ನಡಿಯಲ್ಲಿ ಯಾರದೋ ನೊರೆ ಮೆತ್ತಿದ ಮುಖ, ಬೀಗ ಹಾಕಿದ ಬ್ಯಾಂಕಿನ ಮೆಟ್ಟಿಲ ಮೇಲೆ ಬಿಸಿಲು ಕಾಯಿಸುವ ಬೆಕ್ಕು, ಹಣ್ಣಿನ ಗಾಡಿಯವನ ತಕ್ಕಡಿ. ಆ ತಕ್ಕಡಿಯ ಮುದ್ರೆ ಈ ವರ್ಷದ್ದೇ, ಅವಳೇ ಒತ್ತಿದ್ದು. ಅವನು ಅವಳನ್ನು ಕಂಡ ಕೂಡಲೇ ತಟ್ಟೆಯಲ್ಲಿದ್ದ ಕಿತ್ತಳೆಗಳ ಮೇಲೆ ಇನ್ನೊಂದನ್ನು ಹಾಕಿದ. ಗಿರಾಕಿ ಹೆಂಗಸು ಯಾಕೆ ಈ ಧಾರಾಳವೆಂದು ತಿಳಿಯದೆ ಬೆರಗಾಗಿ ನಿಂತಳು. ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು. ಇಂದು, ನನ್ನನ್ನು ಕಂಡರೆ ಜನ ಹೀಗೆ ಬೆಚ್ಚುವುದೇತಕ್ಕೆ ಎಂದುಕೊಂಡಳು. ಭೂಗೋಳದ ಮೇಷ್ಟ್ರು, ಸಂಘದ ಅಧ್ಯಕ್ಷರು, ಒಂದು ಸಭೆಯಲ್ಲಿ ಹೇಳಿದ್ದು ನೆನಪಾಯಿತು: ಅಥೆನ್ಸಿನ ಸಂತೆಕಟ್ಟೆಯಲ್ಲಿ, ಹಣ ಬದಲಿಸುವವರ ಮೇಜುಗಳ ನಡುವೆ, ಸರ್ಕಾರವೇ ಕೂರಿಸಿದ ಒಬ್ಬ ಪರೀಕ್ಷಕನಿರುತ್ತಿದ್ದ, ಅವನು ಗುಲಾಮ. ಯಾರು ತಂದ ಬೆಳ್ಳಿಯನ್ನೇ ಆಗಲಿ ನೋಡಿ ಹೇಳುವುದು ಅವನ ಕೆಲಸ. ಒಳಗೆ ತಾಮ್ರವೋ ಸೀಸವೋ ಇದ್ದರೆ ಅಲ್ಲೇ ಕತ್ತರಿಸಿಹಾಕುವುದು. ಅವನು ತನ್ನ ಜಾಗದಲ್ಲಿ ಕೂರದಿದ್ದರೆ, ಕಾನೂನಿನಂತೆ ಪರೀಕ್ಷಿಸದಿದ್ದರೆ, ಐವತ್ತು ಚಾಟಿ ಏಟು. ಆಗ ಅವಳು ಎದ್ದು, "ನಮ್ಮ ಕಚೇರಿಯಲ್ಲಿ ಬರೀ ಮೆಮೊ ಕೊಡ್ತಾರೆ," ಎಂದು ಎಲ್ಲರನ್ನೂ ನಗಿಸಿದ್ದಳು. ಒಂಬತ್ತು ವರ್ಷಕ್ಕೆ ಬಡ್ಡಿ ಸೇರಿಸಿದರೆ ಎಷ್ಟು ಏಟಾಗಬಹುದು? ಆ ಗುಲಾಮ ತಪ್ಪಾಗಿ ಕತ್ತರಿಸಿದ ನಾಣ್ಯ ಒಂದಾದರೂ ಇದ್ದಿರಬೇಕಲ್ಲ? ಕತ್ತರಿಸಿದ ಮೇಲೆ ಒಳಗೆ ಬಿಳಿ ಕಂಡಾಗ ಅವನು ಯಾರ ಮುಖ ನೋಡಿದ?

ಆದರೂ, ವಿಚಿತ್ರವೆಂದರೆ, ನಡೆಯುತ್ತ ನಡೆಯುತ್ತ ಅವಳ ಕಾಲು ಹಗುರಾಗುತ್ತಿತ್ತು. ಗುಳ್ಳೆ ಮೇಲೇರಿದ ರೀತಿ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ. ಎಷ್ಟು ಅಂದವಾಗಿ ಹೋಯಿತು! ಕಾಲೇಜಿನಲ್ಲಿ ಮೊದಲ ವರ್ಷ, ಪ್ರಯೋಗಶಾಲೆಯ ಕಿಟಕಿಯ ಪಕ್ಕ, ತಪ್ಪು ಉತ್ತರವೊಂದರ ತಪ್ಪು ಎಲ್ಲಿದೆಯೆಂದು ಮೂರು ದಿನ ಹುಡುಕಿ ಕೊನೆಗೆ ಸಿಕ್ಕಾಗ ಬಂದಿದ್ದ ಸಂತೋಷ ಇದೇ. ಸರಿ ಉತ್ತರ ಬಂದಾಗ ಆ ಸಂತೋಷ ಯಾವತ್ತೂ ಬಂದಿರಲಿಲ್ಲ. ತಪ್ಪಿತಸ್ಥೆ ತಾನೇ ಆಗಿದ್ದೂ ಮನಸ್ಸು ಹೀಗೆ ಕುಣಿಯುವುದು ಅನ್ಯಾಯವೆಂದು ಮುಖ ಗಂಭೀರ ಮಾಡಿಕೊಂಡಳು. ಆ ಗಂಭೀರ ಮುಖದಲ್ಲೇ ಶಾಲೆಯ ಗೇಟು ದಾಟಿದ್ದರಿಂದ ಭೂಗೋಳದ ಮೇಷ್ಟ್ರು ಬಾಗಿಲಲ್ಲೇ ಹಿಡಿದರು.

"ಬಂದ್ಲಪ್ಪಾ ಮಿಲಿಗ್ರಾಂ, ಮಣಗಟ್ಟಲೆ ಮುಖ ಹೊತ್ಕೊಂಡು!"

ಚಿತ್ರಕಲೆಯ ಕೋಣೆಯಲ್ಲಿ ಓರಗಿತ್ತಿ, ಭಾವನ ಹೆಂಡತಿ, ಕುರ್ಚಿಗಳನ್ನು ಸಾಲು ಮಾಡುತ್ತಿದ್ದಳು. ಅವಳಿಗೆ ನಾಣ್ಯಗಳಲ್ಲಿ ಆಸಕ್ತಿಯಿಲ್ಲ. ಗಂಡ ಭಾನುವಾರ ಮನೆಯಲ್ಲಿದ್ದರೆ ಕಪಾಟುಗಳನ್ನೆಲ್ಲ ಬಿಚ್ಚಿ ರಿಪೇರಿ ಮಾಡುತ್ತಾರೆಂದು ಹೆದರಿ ಇಲ್ಲಿಗೆ ಹೊರಡಿಸಿಕೊಂಡು ಬರುತ್ತಿದ್ದಳು. "ಬಾರೇ," ಎಂದಳು. "ನಿಮ್ಮ ಭಾವ ಬೆಳಗ್ಗೆ ಐದಕ್ಕೇ ಎದ್ದು ಕನ್ನಡಿ ಮುಂದೆ ಭಾಷಣ. ನಂಗೇ ಬಾಯಿಪಾಠ ಆಗಿದೆ. 'ಮಿತ್ರರೇ, ಮೊದಲನೇ ಕಳ್ಳ ನನಗೆ ಸಿಕ್ಕಿದ್ದು ನನ್ನ ತಮ್ಮನ ಹೆಂಡತಿಯ ದಯೆಯಿಂದ' ಅಂತ ಶುರು."

"ಅಕ್ಕಾ, ಭಾವ ಎಲ್ಲಿ?"

"ಕೈ ತೊಳೀತಿದ್ದಾರೆ. ಏನಾಯ್ತೇ? ಮೈ ಹುಷಾರಿಲ್ವಾ?"

ಕೋಣೆಯ ಹಿಂಭಾಗದಲ್ಲಿ, ಮಕ್ಕಳು ಕುಂಚ ತೊಳೆಯುವ ಉದ್ದದ ಸಿಂಕಿನ ಹತ್ತಿರ ಭಾವ ನಿಂತಿದ್ದರು. ನಾಣ್ಯ ಮುಟ್ಟುವ ಮೊದಲು ಡಾಕ್ಟರ ಹಾಗೆ ಮೊಣಕೈವರೆಗೂ ತೊಳೆಯುವುದು ಅವರ ಪದ್ಧತಿ. ಪಕ್ಕದ ಕಟ್ಟೆಯ ಮೇಲೆ ಮರದ ತಟ್ಟೆ ತೆರೆದಿತ್ತು, ಮೂವತ್ತಾರು ಕಳ್ಳರೂ ಶಾಲೆಯ ಫೋಟೊಗೆ ಕೂತ ಹಾಗೆ ಸಾಲಾಗಿ ಕೂತಿದ್ದರು. ಅವಳು ದಾರಿಯುದ್ದಕ್ಕೂ ಮೂರು ಬಗೆಯ ಪೀಠಿಕೆ ತಯಾರು ಮಾಡಿಕೊಂಡಿದ್ದಳು. ಒಂದೂ ನೆನಪಿಗೆ ಬರಲಿಲ್ಲ. "ಭಾವ, ನಿಮ್ಮ ಗೂಬೆಯನ್ನ ನಾನು ತಪ್ಪಾಗಿ ತೂಗಿದ್ದೆ. ಅದು ಬೆಳ್ಳೀದೇ ಅನ್ಸುತ್ತೆ," ಎಂದಳು. ಆಮೇಲೆ ಆಮೆ, ಕಾಫಿ ಲೋಟ, ಗುಳ್ಳೆ, ಹದಿನೆಂಟು ಮಿಲಿಗ್ರಾಂ, ಎಲ್ಲ ಒಂದರ ಮೇಲೊಂದು ಬಿದ್ದವು. ಭಾವ ನಲ್ಲಿ ನಿಲ್ಲಿಸಿದರು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಎದುರಿಗಿದ್ದವರ ಮಾತು ನಂಬಲಾಗದಿದ್ದಾಗ ಅವರು ಮಾಡುವುದೇ ಹೀಗೆ. ತಪ್ಪು ಗಾಜಿನದ್ದಿರಬೇಕು ಎಂಬ ಹಾಗೆ.

"ಅಸಲಿಯಾ?" ಎಂದರು.

"ಅನ್ಸುತ್ತೆ. ಮತ್ತೆ ತೂಗಿದ್ರೆ ಗೊತ್ತಾಗುತ್ತೆ."

"ಅಯ್ಯೋ ಹಾಳಾಯ್ತಲ್ಲಮ್ಮ ನನ್ನ ತಟ್ಟೆ!"

ಅವಳು ಕೋಪಕ್ಕೆ, ಮೌನಕ್ಕೆ, ದೊಡ್ಡ ಮನಸ್ಸಿನ ಕ್ಷಮೆಗೆ, ಎಲ್ಲಕ್ಕೂ ತಯಾರಾಗಿದ್ದಳು. ಇದಕ್ಕಲ್ಲ. ಭಾವ ತಟ್ಟೆಯ ಕಡೆ ತಿರುಗಿ, ಓದಿನಲ್ಲಿ ಮೊದಲನೆಯವನಾದ ಮಗ ಕಳ್ಳತನದಲ್ಲಿ ಸಿಕ್ಕಿಬಿದ್ದದ್ದನ್ನು ಕೇಳಿದ ತಂದೆಯ ಹಾಗೆ, ಆದರೆ ಪೂರಾ ತಿರುಗುಮುರುಗಾಗಿ, ಗೂಬೆಯನ್ನು ದಿಟ್ಟಿಸಿದರು. "ಇವರಿಗೆಲ್ಲ ಯಜಮಾನ ಇವನು. ಇವನೇ ಸಾಚಾ ಅಂದ್ರೆ ಉಳಿದೋರ ಗತಿಯೇನು? ಮೊದಲನೇ ಪುಟ ಪೂರ್ತಿ ಇವನ ಮೇಲೇ ಬರೆದಿದ್ದೀನಿ. ಇವನನ್ನ ಮಾಡಿದೋನು ಎಡಗೈಯವನು ಅಂತ ಕೂಡ ಬರೆದಿದ್ದೀನಿ!"

"ಎಡಗೈಯವನು ಇರಬಹುದು ಭಾವ. ಟಂಕಸಾಲೆಯಲ್ಲೂ ಎಡಗೈಯವರು ಇದ್ದಿರ್ತಾರೆ."

ಇಬ್ಬರಿಗೂ ಒಟ್ಟಿಗೆ ನಗು ಬಂತು. ಅವಳ ನಗು ಅರ್ಧಕ್ಕೆ ನಿಂತಿತು. "ಕ್ಷಮಿಸಿ ಭಾವ," ಎಂದಳು. "ಅಷ್ಟು ಜನರ ಎದುರಿಗೆ ನಿಮಗೆ ಅವಮಾನ ಮಾಡಿದೆ. ತಪ್ಪು ಲೆಕ್ಕ ಇಟ್ಕೊಂಡು."

ಭಾವ ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು. "ಲೆಕ್ಕದ ಮಾತು ಬಿಡು. ತೂಗೋರು ತಪ್ಪು ತೂಗ್ತಾರೆ. ನಾನೂ ಎಷ್ಟೋ ಜನಕ್ಕೆ ತಪ್ಪು ನಂಬರ್ ಕೊಟ್ಟಿದ್ದೀನಿ, ಗೋಡೆಗೆ ಹಾಯ್ಕೊಂಡು ವಾಪಸ್ ಬಂದಿದ್ದಾರೆ. ಬೆಳ್ಳಿ ಅಲ್ಲ ಅಂದಿದ್ದಕ್ಕೆ ನಂಗೆ ಬೇಜಾರಾಗಲಿಲ್ಲ. ನೀನು ಖುಷಿಪಟ್ಟು ಹೇಳಿದೆಯಲ್ಲ, ಅದಕ್ಕೆ ಆಯ್ತು. ಮೂರು ತಿಂಗಳು ನಿಮ್ಮನೆ ಕಡೆ ಬರಲಿಲ್ಲ, ಜ್ಞಾಪಕ ಇದೆಯಾ? ಅಂಗಡಿಯಲ್ಲಿ ಕೆಲಸ ಜಾಸ್ತಿ ಅಂದಿದ್ದೆ."

ಜ್ಞಾಪಕವಿತ್ತು. ಕೆಲಸ ಜಾಸ್ತಿ ಎಂಬುದನ್ನು ನಂಬಿಯೂ ಇದ್ದಳು, ಒಂಬತ್ತು ವರ್ಷ. ಬೆಳಗಿನಿಂದ ಅವಳು ಗುಳ್ಳೆಯನ್ನೇ ಹಿಡಿದುಕೊಂಡಿದ್ದಳು. ತಪ್ಪು ಅದಕ್ಕೂ ಕೆಳಗಿತ್ತು. ಸೂಜಿಯ ತುದಿಯಿಂದ ಕಿಲುಬು ತೋರಿಸಿದಾಗಿನ ತನ್ನ ಧ್ವನಿ ಈಗ ಅವಳಿಗೆ ಸ್ಪಷ್ಟವಾಗಿ ಕೇಳಿಸಿತು, ಅದರಲ್ಲಿದ್ದ ಉಲ್ಲಾಸ, ಗೆದ್ದವಳ ನಯ. ಇಂದು ಬೆಳಗ್ಗೆ ಆಮೆ ಮಾರಿದವನಿಗೆ ಬರೆಯಲು ಹೊರಟಿದ್ದ ಎರಡು ವಾಕ್ಯಗಳಲ್ಲೂ ಅದೇ ಧ್ವನಿಯಿತ್ತು. ಅಂಕಿ ತಪ್ಪಿದ್ದರೂ ಸರಿಯಿದ್ದರೂ ಆ ಧ್ವನಿ ಅದೇ ಇರುತ್ತಿತ್ತು. ಅಂಗಡಿಯವನ ಬಟ್ಟು ಎರಡು ಗ್ರಾಂ ಕಡಿಮೆ ಬಂದಾಗ, ಅವನ ಮುಖ ಇಳಿಯುವುದಕ್ಕೆ ತಾನು ಒಂದು ಕ್ಷಣ ಕಾಯುತ್ತಿದ್ದದ್ದು ನೆನಪಾಯಿತು.

"ಹೌದು ಭಾವ," ಎಂದಳು. "ಖುಷಿ ಆಗಿತ್ತು ನಂಗೆ."

"ನಿಂಗೆ ಗೊತ್ತಿದೆಯೋ ಇಲ್ಲವೋ ಅಂತ ನೋಡ್ತಿದ್ದೆ." ಭಾವ ಸರಳವಾಗಿ, ಏನೋ ಹಗುರಾದವರ ಹಾಗೆ ನಕ್ಕರು. "ಆಮೇಲೆ ಕೇಳು. ನಾಲ್ಕನೇ ತಿಂಗಳು ಯೋಚನೆ ಬಂತು, ಇದು ತಾಮ್ರ ಅನ್ನೋದ್ರಲ್ಲಿ ಇವಳಿಗೆ ಅಷ್ಟು ಸಂತೋಷ ಆಗೋ ಹಾಗೆ ಏನಿದೆ? ನಾನೂ ಸ್ವಲ್ಪ ನೋಡೋಣ ಅಂತ. ನೋಡ್ತಾ ನೋಡ್ತಾ ಬಿದ್ದೆ. ಅಸಲಿ ಅಂದಿದ್ರೆ ಬೀರುವಿನಲ್ಲಿಟ್ಟು ಬೀಗ ಹಾಕಿ ಮರೀತಿದ್ದೆ ಕಣಮ್ಮ. ಬಾ. ಈಗ ಮತ್ತೆ ತೂಗೋಣ. ಅಲ್ಲೇ, ಎಲ್ಲರ ಎದುರಿಗೆ. ಭಾಷಣ ಆಮೇಲೆ ನೋಡ್ಕೊಳ್ಳೋಣ. ಒಂದೇ ಷರತ್ತು, ನೀನು ಕೈ ಹಚ್ಚೋ ಹಾಗಿಲ್ಲ."

ಹತ್ತೂವರೆಗೆ ಭೂಗೋಳದ ಮೇಷ್ಟ್ರು ಗಂಟೆ ಬಾರಿಸಿ ಸಭೆ ಶುರುಮಾಡಿದಾಗ ಮೇಜಿನ ಮೇಲೆ ಭಾಷಣದ ಕಾಗದಗಳ ಬದಲು ತಕ್ಕಡಿಯಿತ್ತು. ಭಾವ ಎದ್ದು ನಿಂತು, ನಡೆದದ್ದನ್ನು ಒಂದಕ್ಷರವೂ ಬಿಡದೆ ಹೇಳಿದರು. ಅವರು ಹೇಳಿ ಮುಗಿಸುವ ಮೊದಲೇ ಅವಳೂ ಎದ್ದಳು. "ತಪ್ಪು ನಂದು," ಎಂದಳು. "ಇದೇ ಮೇಜಿನ ಮೇಲೆ ಮಾಡಿದ್ದು. ಆವತ್ತು ಎಲ್ಲರಿಗೂ ಕೇಳೋ ಹಾಗೆ ಹೇಳಿದ್ದೆ, ಇವತ್ತೂ ಎಲ್ಲರಿಗೂ ಕೇಳ್ಲಿ." ಆಮೇಲೆ ಭೂಗೋಳದ ಮೇಷ್ಟ್ರು ಗಂಟಲು ಸರಿಮಾಡಿಕೊಂಡು, "ಐವತ್ತು ಏಟು," ಎಂದರು. "ಕಾನೂನು ಕಾನೂನೇ. ಕಂತಿನಲ್ಲಿ ತಗೋಬಹುದು." ನಗು ಮೇಜಿನ ಆ ತುದಿಯಿಂದ ಈ ತುದಿಯವರೆಗೆ ಹರಿಯಿತು, ಅವಳ ಹತ್ತಿರ ಬಂದಾಗ ಅವಳೂ ಅದರೊಳಕ್ಕೆ ಸೇರಿಕೊಂಡಳು. ತನ್ನನ್ನು ನೋಡಿ ಇಷ್ಟು ಜನ ನಗುವುದು ಇಷ್ಟು ಹಿತವಾಗಿರುತ್ತದೆಂದು ಯಾರೂ ಅವಳಿಗೆ ಹೇಳಿರಲಿಲ್ಲ.

ಭಾವ ಗೂಬೆಯನ್ನು ಕುಳಿಯಿಂದ ಎತ್ತಿದರು. ಅದರ ಕೆಳಗೆ, ನಾಲ್ಕು ಮಡಿಕೆ ಮಡಿಸಿದ ಒಂದು ಚೀಟಿ ಇತ್ತು. ಬಿಚ್ಚಿದರೆ ಅವಳದೇ ಅಕ್ಷರ: ದಿನಾಂಕ, ಉಷ್ಣತೆ, ತೂಕ, 9.79, "ತಾಮ್ರದ ಒಡಲು", ಕೆಳಗೆ ಉದ್ದ ಬಾಲದ ಸಹಿ. "ಪ್ರಮಾಣಪತ್ರ," ಎಂದು ಭಾವ ಎಲ್ಲರಿಗೂ ಎತ್ತಿ ತೋರಿಸಿದರು. "ಗೂಬೆ ಅಸಲಿ ಅಂತಾದ್ರೆ ಈ ಕುಳಿ ಖಾಲಿ ಬೀಳಲ್ಲ. ಒಂದನೇ ನಂಬರಿನ ಕಳ್ಳ ಇದೇ. ನೋಡಿ, ಮೇಲೆ ಎಂಥ ಹೊಳಪು! ಸಹಿ ಬೇರೆ!" ಓರಗಿತ್ತಿ ಕುರ್ಚಿಯಲ್ಲಿ ಬಿದ್ದು ಬಿದ್ದು ನಕ್ಕಳು, ಒಂಬತ್ತು ವರ್ಷದಲ್ಲಿ ನಾಣ್ಯ ಸಂಘದಲ್ಲಿ ಅವಳಿಗೆ ಅರ್ಥವಾದ ಮೊದಲ ವಿಷಯ ಇದು.

"ನಂಗೆ ಮಾತ್ರ ತಾಮ್ರ ಅಂತ್ಲೇ ಬರಲಿ," ಎಂದರು ಭಾವ ತಕ್ಕಡಿಯ ಮುಂದೆ ಕೂತು. ಅವಳು ಅವರ ಎದುರು ಕೂತು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಮೊದಲು ಗಾಳಿಯಲ್ಲಿ ತೂಕ: ನಾಲ್ಕು ಗ್ರಾಂ ನೂರ ಎಂಬತ್ತೆರಡು ಮಿಲಿಗ್ರಾಂ. ಅಂದಿಗೂ ಇಂದಿಗೂ ಅಷ್ಟೇ. ನೀರಿಗಿಳಿಸುವ ಮೊದಲು ಭಾವ ಜೇಬಿನಿಂದ ಅಂಗಡಿಯ ಪುಟ್ಟ ಬಾಟಲಿ ತೆಗೆದರು, ಕನ್ನಡಕದ ಗಾಜು ತೊಳೆಯುವ ದ್ರಾವಣ. ಮುಚ್ಚಳದಲ್ಲಿ ನಾಲ್ಕು ಹನಿ ಸುರಿದು ಗೂಬೆಯನ್ನು ಅದರಲ್ಲಿ ಹೊರಳಿಸಿದರು. "ನೀರು ಮಣಿ ಕಟ್ಟಿ ಕೂರಬಾರದು, ಹರಡಬೇಕು. ನಮ್ಮ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೊ‌ದಲ ದಿನ ಹೇಳಿಕೊಡೋದು ಇದನ್ನೇ," ಎಂದರು. ಗಾಜಿನ ಧೂಳು ತೆಗೆಯುವ ಒಂಟೆಕೂದಲಿನ ಕುಂಚದಿಂದ ಕಚ್ಚಿನ ಒಳಗನ್ನು, ಮಗುವಿನ ಕಿವಿ ಒರೆಸುವ ಹಾಗೆ, ಮೆಲ್ಲಗೆ ಸವರಿದರು. ತನ್ನ ವಿದ್ಯೆಗೆ ಒಂಬತ್ತು ವರ್ಷ ಹಿಡಿದದ್ದು ಅವರ ಜೇಬಿನಲ್ಲೇ ಇತ್ತಲ್ಲ ಎಂದು ಅವಳು ಬೆರಗಾಗಿ ನೋಡಿದಳು. ಕುಂಚ ಸೋಕಿದಲ್ಲಿ ಕಂದು ಕೊಳೆ ಎದ್ದಿತು, ಕಚ್ಚಿನ ತಳದಲ್ಲಿ ಏನೋ ಮಿನುಗಿತು. ಆದರೆ ಅವಳು ಏನೂ ಹೇಳಲಿಲ್ಲ. ಹೇಳದೆ ಇರುವುದು ಇಷ್ಟು ಸುಲಭವೇ?

ದಾರದ ತುದಿಯಲ್ಲಿ ಗೂಬೆ ನೀರಿಗಿಳಿಯಿತು. ಗುಳ್ಳೆ ಬರಲಿಲ್ಲ. ಇಪ್ಪತ್ತು ತಲೆಗಳು ಒಂದು ಲೋಟದ ಮೇಲೆ ಬಾಗಿದವು. ಉಸಿರು ತಾಗಿ ತಕ್ಕಡಿ ಅಲುಗೀತೆಂದು ಎಲ್ಲರೂ ಉಸಿರು ಬಿಗಿಹಿಡಿದರು, ಹಾಗಾಗಿ ಭೂಗೋಳದ ಮೇಷ್ಟ್ರ ಹೊಟ್ಟೆ ಗುಡುಗಿದ್ದು ಎಲ್ಲರಿಗೂ ಕೇಳಿಸಿತು. ಅಂಕಿ ಹಿಂದೆ ಮುಂದೆ ಸರಿದು ನಿಂತಿತು. ಮೂರು ಗ್ರಾಂ ಏಳುನೂರ ಎಂಬತ್ತೊಂದು. ಭಾವ ಕಣ್ಣಿನ ನಂಬರು ಬರೆದುಕೊಡುವ ಚೀಟಿಯೊಂದರ ಹಿಂಬದಿಯಲ್ಲಿ ಕಳೆಯತೊಡಗಿದರು, ಆಮೇಲೆ ಭಾಗಿಸತೊಡಗಿದರು. ಶಾಲೆಯಲ್ಲಿ ಕಲಿಸಿದ ಹಾಗೆ, ತುಟಿ ಅಲುಗಿಸುತ್ತ, ಒಂದೊಂದು ಸೊನ್ನೆಯನ್ನೂ ಕೆಳಗಿಳಿಸುತ್ತ. ಅವಳಿಗೆ ಉತ್ತರ ಕ್ಷಣದಲ್ಲೇ ಬಂದಿತ್ತು. ತುಟಿ ಕಚ್ಚಿಕೊಂಡು ಕೂತಳು. ಅವರ ಪೆನ್ಸಿಲು ಒಂದು ಕಡೆ ತಪ್ಪಿತು, ನಿಂತಿತು, ತಾನೇ ಹಿಂದಕ್ಕೆ ಹೋಗಿ ತಿದ್ದಿಕೊಂಡಿತು. ಅವಳು ಕಾಯುತ್ತಿದ್ದಳು, ಕಾಯುವುದರಲ್ಲೇ ಅವಳ ಎದೆ ತುಂಬಿ ಬಂದಿತ್ತು. ಭಾವ ಕೊನೆಯ ಅಂಕಿ ಬರೆದು ಅಡಿಗೆರೆ ಎಳೆದರು, ಕನ್ನಡಕವನ್ನು ಹಣೆಗೇರಿಸಿದರು, ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಎಲ್ಲರಿಗೂ ಕೇಳುವ ಹಾಗೆ ಓದಿದರು:

ಹತ್ತು ದಶಾಂಶ ನಾಲ್ಕು ಮೂರು.